ಜುವೇರಿಯಾ ಟೀಚರ್ ಮತ್ತು ನಾಯಿಯ ಕೆಳಗಿನ ಅಜ್ಜಿ

ಗದಗಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಕನ್ನಡ ಕಲಿಸಿದ ಜುವೇರಿಯಾಗೆ ಇಡೀ ವ್ಯಾಕರಣದಲ್ಲಿ ಅತಿ ಪ್ರೀತಿಯ ಪಾಠವೆಂದರೆ ನುಡಿಗಟ್ಟಿನದು. ಸಂಧಿ ಸಮಾಸ ಅಂದರೆ ಆಕಳಿಸುತ್ತಿದ್ದ ಮಕ್ಕಳು, ಬೋರ್ಡಿನ ಮೇಲೆ 'ಕಾಲಿಗೆ ಬುದ್ಧಿ ಹೇಳು' ಎಂದು ಬರೆದ ಕೂಡಲೇ ನೆಟ್ಟಗೆ ಕೂರುತ್ತಿದ್ದರು. "ಕಾಲಿಗೆ ಕಿವಿ ಎಲ್ಲೈತ್ರಿ ಟೀಚರ್?" ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಆಕೆ ಬೈಯುತ್ತಿರಲಿಲ್ಲ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡಿ ಬೆಳೆದವಳಾದ್ದರಿಂದ, ಒಂದು ಭಾಷೆಯಲ್ಲಿ ಸಹಜವಾಗಿ ಕಂಡದ್ದು ಇನ್ನೊಂದರಲ್ಲಿ ಎಷ್ಟು ವಿಚಿತ್ರವಾಗಿ ಕಾಣುತ್ತದೆಂದು ಅವಳಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು.

ನ್ಯೂಜಿಲೆಂಡಿಗೆ ಬಂದ ಮೇಲೆ ಆ ಪಾಠ ತಿರುಗಿ ಅವಳ ಮನೆಗೇ ಬಂತು. ಗಂಡ ಹಾರೂನ್‌ಗೆ ಟೌರಂಗಾ ಬಂದರಿನಲ್ಲಿ ಫೋರ್ಕ್‌ಲಿಫ್ಟ್ ರಿಪೇರಿಯ ಕೆಲಸ. ಸೇರಿದ ಮೊದಲ ವಾರ, ಕೆಟ್ಟು ನಿಂತ ಗಾಡಿಯೊಂದರ ಬೆನ್ನು ತಟ್ಟಿ ಜೊತೆಗಾರನೊಬ್ಬ "ಶೀ ವಿಲ್ ಬಿ ರೈಟ್" ಅಂದನಂತೆ. ಹಾರೂನ್ ಮನೆಗೆ ಬಂದು ಬೂಟು ಬಿಚ್ಚುತ್ತಾ, "ಯಾವಾಕಿ ಬಗ್ಗೆ ಹೇಳಿದ್ನೋ ಗೊತ್ತಾಗಲಿಲ್ಲ. ಅಲ್ಲೆ ಒಬ್ಬ ಹೆಣ್ಣುಮಗಳೂ ಇದ್ದಿಲ್ಲ," ಅಂದ. ಎಲ್ಲಾ ಸರಿಹೋಗುತ್ತದೆ ಬಿಡು ಎಂಬುದಕ್ಕೆ ಇಲ್ಲಿಯವರು ಹಾಗೆ ಹೇಳುತ್ತಾರೆಂದು ತಿಳಿಯಲು ಗಂಡ ಹೆಂಡತಿಗೆ ಹದಿನೈದು ದಿನ ಬೇಕಾಯಿತು. 'ಸ್ವೀಟ್ ಆಸ್' ಅಂದರೆ ಯಾವುದರಷ್ಟು ಸಿಹಿ ಎಂದು ಇವತ್ತಿಗೂ ಹಾರೂನ್‌ಗೆ ಯಾರೂ ಹೇಳಿಲ್ಲ. ಮಗಳು ಅರ್ಶಿಯಾ ಮಾತ್ರ ಎರಡೇ ತಿಂಗಳಲ್ಲಿ ಎಲ್ಲವನ್ನೂ ಕಲಿತಳು. ಅಪ್ಪ ಅಮ್ಮ ಕನ್ನಡದಲ್ಲೋ ಉರ್ದುವಿನಲ್ಲೋ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಳು.

ಜುವೇರಿಯಾಳ ಬಿ.ಎಡ್. ಇಲ್ಲಿ ಯಾರಿಗೂ ಬೇಕಿರಲಿಲ್ಲ. ಕನ್ನಡ ಟೀಚರ್ ಅಂದರೆ ಎದುರಿನವರು ನಕ್ಕು, "ಕೆನಡಾದವರೇ?" ಎನ್ನುತ್ತಿದ್ದರು. ಒಂದು ವರ್ಷ ಕಿವಿ ಹಣ್ಣಿನ ಪ್ಯಾಕ್‌ಹೌಸಿನಲ್ಲಿ ನಿಂತು ದುಡಿದಳು. ಆಮೇಲೆ ಸಣ್ಣದೊಂದು ಕೋರ್ಸ್ ಮಾಡಿ, ಸಮುದ್ರದ ಕಡೆಯ ಒಂದು ರೆಸ್ಟ್ ಹೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ನಲವತ್ತು ಹಿರಿಯರು, ಉದ್ದನೆಯ ಒಂದು ವರಾಂಡ, ಹಿಂದೆ ನಿಂಬೆ ಗಿಡಗಳ ಸಾಲು. ಮ್ಯಾನೇಜರ್ ರಾಬಿನ್ ಅರವತ್ತರ ಹೆಂಗಸು, ಮೊದಲು ನರ್ಸ್ ಆಗಿದ್ದವಳು, ನಡೆಯುವುದೇ ಓಡಿದ ಹಾಗೆ. ಮೊದಲ ದಿನ ಆಕೆ ಜುವೇರಿಯಾಳನ್ನು ಕಂಡು "ಗಿವ್ ಮಿ ಎ ಹ್ಯಾಂಡ್" ಅಂದಾಗ ಜುವೇರಿಯಾಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟು ಓಡಿಹೋದವನು. ಇವರಲ್ಲಿ ಕೈ ಕೊಟ್ಟವನು ಜೊತೆ ನಿಂತು ಹಾಸಿಗೆ ಎತ್ತಿ ಕೊಡುವವನು.

ಅಲ್ಲಿದ್ದ ನಲವತ್ತು ಜನರಲ್ಲಿ ಒಬ್ಬಾಕೆ ಹಲೀನಾ. ಎಂಬತ್ತಾರು ವರ್ಷ, ಹತ್ತಿಯಂಥ ಬಿಳಿ ಕೂದಲು, ನೇರ ಮೂಗು. ಪೋಲೆಂಡಿನಲ್ಲಿ ಹುಟ್ಟಿ, ಯುದ್ಧದಲ್ಲಿ ಮನೆ ಮಠ ಕಳೆದುಕೊಂಡು, 1944ರಲ್ಲಿ ಐದು ವರ್ಷದ ಮಗುವಾಗಿ ಅಕ್ಕನ ಕೈ ಹಿಡಿದು ಹಡಗಿನಲ್ಲಿ ಈ ದೇಶಕ್ಕೆ ಬಂದವಳು. ಆ ವರ್ಷ ಅವಳ ಹಾಗೆ ನೂರಾರು ಪೋಲಿಷ್ ಮಕ್ಕಳು ಬಂದಿದ್ದರು. ಪಾಹಿಯಾಟುವಾ ಊರಿನ ಶಿಬಿರದಲ್ಲಿ ಬೆಳೆದರು, ಇಲ್ಲಿಯವರೇ ಆದರು. ಹಲೀನಾ ಈ ನೆಲದ ಒಬ್ಬ ರೈತನನ್ನು ಮದುವೆಯಾದಳು, ಮಗಳನ್ನು ಹೆತ್ತಳು, ಎಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಬದುಕಿದಳು. ಮಗಳು ದೊಡ್ಡವಳಾದ ಮೇಲೆ, ಅಕ್ಕ ಇರುವವರೆಗೂ ಅವಳೊಡನೆ ಮಾತ್ರ ಪೋಲಿಷ್. ಎರಡು ವರ್ಷದ ಹಿಂದೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದಳು. ಬದುಕಿ ಬಂದಳು, ನಡೆದಾಡಿದಳು, ಆದರೆ ಇಂಗ್ಲಿಷ್ ಹಿಂದೆಯೇ ಉಳಿಯಿತು. ಬಾಯಿ ತೆರೆದರೆ ಅಕ್ಕನ ಜೊತೆ ಆಡುತ್ತಿದ್ದ ಭಾಷೆಯೇ ಬರುತ್ತಿತ್ತು.

ಮೊದಲ ಪರಿಚಯದಲ್ಲೇ ಎಡವಟ್ಟಾಯಿತು. ಅಷ್ಟು ಹಿರಿಯಳನ್ನು ಬರೀ ಹೆಸರು ಹಿಡಿದು ಕರೆಯಲು ಜುವೇರಿಯಾಗೆ ನಾಲಿಗೆ ಏಳಲಿಲ್ಲ. "ಹಲೀನಾ ಆಂಟಿ," ಅಂದಳು. ಮುದುಕಿ ತಲೆ ಅಲ್ಲಾಡಿಸಿ, ಎದೆ ಮುಟ್ಟಿಕೊಂಡು, "ಪಾನಿ," ಅಂದಳು, "ಪಾನಿ ಹಲೀನಾ." ಉರ್ದು ಮನೆಯ ಹುಡುಗಿಗೆ ಪಾನಿ ಅಂದರೆ ಇನ್ನೇನು, ಓಡಿಹೋಗಿ ಒಂದು ಲೋಟ ನೀರು ತಂದಳು. ಮುದುಕಿ ಸಭ್ಯತೆಗೆ ಒಂದು ಗುಟುಕು ಕುಡಿದು ಮತ್ತೆ, "ಪಾನಿ ಹಲೀನಾ," ಅಂದಳು. ಮೂರನೇ ಲೋಟ ಬರುವ ಹೊತ್ತಿಗೆ ಮಗಳು ಟೆಸ್ ಬಂದಳು. ಅರವತ್ತರ ಹತ್ತಿರದವಳು, ಸ್ಕೂಲ್ ಬಸ್ ಓಡಿಸುವವಳು. ಮೇಜಿನ ಮೇಲಿನ ಲೋಟಗಳನ್ನು ನೋಡಿ ವಿಷಯ ಕೇಳಿದಳು.

"ಪಾನಿ ಅಂದರೆ ಶ್ರೀಮತಿ, ಅಮ್ಮನವರು ಅಂತ," ಅಂದಳು ಟೆಸ್. "ಮರ್ಯಾದೆಯಿಂದ ಕರಿ ಅಂತ ಕಲಿಸ್ತಿದ್ದಾಳೆ ನಿನಗೆ."

"ನಮ್ಮ ಮನೆಯಲ್ಲಿ ಅದು ನೀರು," ಎಂದಳು ಜುವೇರಿಯಾ.

ಟೆಸ್ ಕೈಸನ್ನೆ ಮಾಡಿ ತಾಯಿಗೆ ಅದನ್ನು ತಿಳಿಸಿದ್ದೇ ತಡ, ಹಲೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಜುವೇರಿಯಾ ಅವಳನ್ನು ಪಾನಿ ಹಲೀನಾ ಎಂದೇ ಕರೆದಳು.

ಟೆಸ್‌ಗೆ ತಾಯಿಯ ಭಾಷೆ ಅಡುಗೆಮನೆಯ ಮಟ್ಟಕ್ಕಷ್ಟೇ ಗೊತ್ತಿತ್ತು. ತಿನ್ನು, ಕೂತ್ಕೋ, ಬಾಗಿಲು ಹಾಕು, ಬೈಗುಳ ನಾಲ್ಕು. "ನಾನು ಚಿಕ್ಕವಳಿದ್ದಾಗ ಅಮ್ಮ ಅದರಲ್ಲಿ ಮಾತಾಡಿದರೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಿದ್ದೆ," ಎಂದು ಆಕೆ ಒಮ್ಮೆ ಹೇಳಿದಾಗ ಜುವೇರಿಯಾಗೆ ಅರ್ಶಿಯಾ ನೆನಪಾದಳು.

ಹಲೀನಾಳ ಜೊತೆ ಮಾತಾಡಲು ರಾಬಿನ್ ಒಂದು ಟ್ಯಾಬ್ಲೆಟ್ ತರಿಸಿದ್ದಳು. ಇಂಗ್ಲಿಷಿನಲ್ಲಿ ಹೇಳಿದರೆ ಅದು ಪೋಲಿಷಿನಲ್ಲಿ ನುಡಿಯುತ್ತಿತ್ತು, ಪೋಲಿಷಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು. ಊಟಕ್ಕೆ ಏನು, ನಿದ್ದೆ ಬಂತೇ ಎಂಬಷ್ಟಕ್ಕೆ ಚೆನ್ನಾಗಿಯೇ ಇತ್ತು. ಆದರೆ ಕಿವಿಗಳು, ನ್ಯೂಜಿಲೆಂಡಿನವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ, ಅಷ್ಟು ಸಪಾಟಾಗಿ ಮಾತಾಡುವ ಜನವಲ್ಲ. ಒಂದು ಬೆಳಿಗ್ಗೆ ನರ್ಸ್ ಒಬ್ಬಳು, ಸ್ನಾನಕ್ಕೆ ಹೆದರುತ್ತಿದ್ದ ಹಲೀನಾಗೆ ಧೈರ್ಯ ತುಂಬಲು, "ಹಾಪ್ ಇನ್ ದ ಶವರ್, ಪೀಸ್ ಆಫ್ ಕೇಕ್," ಅಂದಳು. ಟ್ಯಾಬ್ಲೆಟ್ ಪದಕ್ಕೆ ಪದ ಇಟ್ಟು ಹೇಳಿತು. ಒಂಟಿ ಕಾಲಲ್ಲಿ ಕುಣಿದು ಶವರಿನೊಳಗೆ ಹೋಗು, ಒಂದು ತುಂಡು ಕೇಕ್.

ಹಲೀನಾ ಕುಣಿಯಲಿಲ್ಲ. ಬಚ್ಚಲ ಬಾಗಿಲಲ್ಲಿ ಟವೆಲ್ ಸುತ್ತಿಕೊಂಡು ಕುರ್ಚಿ ಹಾಕಿಸಿಕೊಂಡು ಕೂತಳು. ನರ್ಸ್ ಏನೇ ಹೇಳಿದರೂ ಅಂಗೈ ಮುಂದೆ ಚಾಚಿದಳು. ಜುವೇರಿಯಾ ಆ ದಾರಿಯಲ್ಲಿ ಬಂದವಳು ಅರ್ಧ ನಿಮಿಷ ನೋಡಿ, ನರ್ಸನ್ನು ಕೇಳಿದಳು, "ನೀವು ಇವರಿಗೆ ಏನು ಹೇಳಿದ್ರಿ, ಅದೇ ಮಾತು?"

ನರ್ಸ್ ಹೇಳಿದಳು. ಜುವೇರಿಯಾ ಅಡುಗೆಮನೆಗೆ ಹೋಗಿ ನಿನ್ನೆಯ ಕ್ಯಾರೆಟ್ ಕೇಕಿನ ಒಂದು ತುಂಡು ತಂದು ಕೊಟ್ಟಳು. ಹಲೀನಾ ನೆಮ್ಮದಿಯಾಗಿ ತಿಂದು, ಬಾಯಿ ಒರೆಸಿಕೊಂಡು, ಸ್ನಾನಕ್ಕೆ ಹೋದಳು.

ಮಧ್ಯಾಹ್ನ ಜುವೇರಿಯಾ ಅವಳ ಪಕ್ಕ ಕೂತು ಟ್ಯಾಬ್ಲೆಟ್ಟಿಗೆ ನಿಧಾನವಾಗಿ, ಬರೀ ಸಾದಾ ಮಾತುಗಳಲ್ಲಿ ಹೇಳಿದಳು: ಇಂಗ್ಲಿಷರು ಬಹಳ ಸುಲಭದ ಕೆಲಸಕ್ಕೆ ಕೇಕ್ ತುಂಡು ಅನ್ನುತ್ತಾರೆ, ನಿಮ್ಮವರು ಏನನ್ನುತ್ತಾರೆ? ಹಲೀನಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಮುಖ ಅರಳಿತು. "ಬುವ್ಕಾ ಜ ಮಾಸ್ವೆಮ್," ಅಂದಳು. ಬೆಣ್ಣೆ ಹಚ್ಚಿದ ಬನ್ನು. ಜುವೇರಿಯಾಗೆ ಖುಷಿಯಾಯಿತು. ನಮ್ಮಲ್ಲಿ ಅಂಥ ಕೆಲಸಕ್ಕೆ ನೀರು ಕುಡಿದಷ್ಟು ಸುಲಭ ಅನ್ನುತ್ತೇವೆ ಎಂದು ಲೋಟ ಎತ್ತಿ ತೋರಿಸಿದಳು. "ಪಾನಿ," ಎಂದು ಹಲೀನಾ ಕಣ್ಣು ಮಿಟುಕಿಸಿದಳು.

ಆ ಸಂಜೆ ಮನೆಗೆ ಹೋಗುವಾಗ ಮೂಲೆಯ ಡೇರಿಯಲ್ಲಿ, ಇಲ್ಲಿ ಕಿರಾಣಿ ಅಂಗಡಿಗೆ ಹಾಗನ್ನುತ್ತಾರೆ, ಒಂದು ನೋಟ್‌ಬುಕ್ ಕೊಂಡಳು. ಗೆರೆ ಎಳೆದು ನಾಲ್ಕು ಸಾಲು ಮಾಡಿದಳು. ಇಂಗ್ಲಿಷರು ಹೇಳುವುದು, ಅದರ ಅರ್ಥ, ಪಾನಿ ಹಲೀನಾ ಹೇಳುವುದು, ನಾವು ಹೇಳುವುದು. ನಾಲ್ಕನೆಯ ಸಾಲು ಕೆಲಸಕ್ಕೆ ಬೇಕಿರಲಿಲ್ಲ. ಆದರೆ ಅದಿಲ್ಲದೆ ಅವಳಿಗೆ ಬರೆಯುವ ಹುರುಪೇ ಬರುತ್ತಿರಲಿಲ್ಲ.

ದಿನಕ್ಕೊಂದು, ಎರಡು ದಿನಕ್ಕೊಂದು ಹಾಗೆ ಸೇರುತ್ತಾ ಹೋಯಿತು. ಮಳೆ ಜೋರಾದರೆ ಇಂಗ್ಲಿಷರಿಗೆ ಆಕಾಶದಿಂದ ಬೆಕ್ಕು ನಾಯಿ ಬೀಳುತ್ತವೆ. ಹಲೀನಾಗೆ ದೊಡ್ಡ ಮರದ ಬಾನಿಯಿಂದ ಸುರಿಯುತ್ತದೆ. ಜುವೇರಿಯಾ ಕುಂಭದ್ರೋಣ ಮಳೆ ಎಂದು ಬರೆದು, ಈ ವಿಷಯದಲ್ಲಿ ಪೋಲೆಂಡೂ ಗದಗೂ ಒಂದೇ ಕಡೆ ಎಂದು ಪಕ್ಕಕ್ಕೆ ಗುರುತು ಹಾಕಿದಳು. ಸುಳ್ಳು ಹೇಳಿ ಏಮಾರಿಸುವುದಕ್ಕೆ ಹಲೀನಾಳ ಕಡೆಯವರು ಬಾಟಲಿಯೊಳಗೆ ತುರುಕುವುದು ಅನ್ನುತ್ತಿದ್ದರು. ಕಿವಿಗೆ ಹೂ ಇಡುವುದು ಎಂದು ಜುವೇರಿಯಾ ತೋಟದ ಹೂವೊಂದನ್ನು ಕಿತ್ತು ಕಿವಿಗಿಟ್ಟುಕೊಂಡು ನಟಿಸಿ ತೋರಿಸಿದಳು. ಯಾರಾದರೂ ಸಿಡಿಸಿಡಿ ಅನ್ನುತ್ತಿದ್ದರೆ ಪೋಲಿಷಿನಲ್ಲಿ ಅವರ ಮೂಗಿನಲ್ಲಿ ನೊಣ ಇವೆ ಅನ್ನಬೇಕಂತೆ. ಇದು ಜುವೇರಿಯಾಗೆ ಎಷ್ಟು ಹಿಡಿಸಿತೆಂದರೆ ಮನೆಯಲ್ಲಿ ಊಟದ ಹೊತ್ತಿಗೆ ಹೇಳಿದಳು.

"ನಮ್ಮಲ್ಲಿ ಮೂಗಿನ ತುದಿ ಮ್ಯಾಲೆ ಸಿಟ್ಟು ಅಂತೀವಲ್ಲ, ಅವರಲ್ಲಿ ಮೂಗಿನ ಒಳಗ ನೊಣ," ಅಂದಳು.

"ಅರ್ಶಿಯಾನ ಮೂಗಿನ್ಯಾಗ ಒಂದು ಹಿಂಡ ಐತಿ," ಎಂದ ಹಾರೂನ್.

ಅರ್ಶಿಯಾ ಫೋನಿನಿಂದ ತಲೆ ಎತ್ತಿ ಇಂಗ್ಲಿಷಿನಲ್ಲಿ ಏನೋ ಗೊಣಗಿದಳು. ಆದರೆ ಮರುದಿನ ಸ್ಕೂಲಿನಿಂದ ಬಂದವಳು ತಾನಾಗಿಯೇ ನೋಟ್‌ಬುಕ್ ತೆಗೆದು ಓದುತ್ತಾ ಕೂತಿದ್ದನ್ನು ತಾಯಿ ಕಂಡಳು, ಕಂಡೂ ಕಾಣದ ಹಾಗೆ ಒಳಗೆ ಹೋದಳು.

ಮೇ ತಿಂಗಳ ಕೊನೆಗೆ ಆಕ್ಲೆಂಡಿನ ಪಾಪಟೋಯ್‌ಟೋಯ್‌ನಲ್ಲಿ ಹಾರೂನ್‌ನ ಅಣ್ಣನ ಮಗಳ ಮದುವೆ ಬಂತು. ಎರಡು ವಾರ ರಜೆ ಹಾಕಿ ಎಲ್ಲರೂ ಅಲ್ಲಿಗೆ ಹೋದರು. ಮೆಹಂದಿ, ಬಿರಿಯಾನಿ, ನೆಂಟರು, ಏರ್‌ಪೋರ್ಟಿಗೆ ಓಡಾಟ. ನೋಟ್‌ಬುಕ್ ಬ್ಯಾಗಿನಲ್ಲೇ ಇತ್ತು.

ತಿರುಗಿ ಡ್ಯೂಟಿಗೆ ಬಂದ ಸೋಮವಾರ ಹಲೀನಾ ಹಾಸಿಗೆಯಲ್ಲೇ ಇದ್ದಳು. ಗೋಡೆಯ ಕಡೆ ಮುಖ. ಬೆಳಗಿನ ಗಂಜಿ ಹಾಗೇ ಆರಿತ್ತು. ಜುವೇರಿಯಾಳನ್ನು ನೋಡಿ ಕೈ ಹಿಡಿದುಕೊಂಡಳು, ಆದರೆ ನಗಲಿಲ್ಲ.

ಜುವೇರಿಯಾ ಕಂಪ್ಯೂಟರಿನಲ್ಲಿ ಎರಡು ವಾರದ ವರದಿ ತೆರೆದು ಓದಿದಳು. ತನ್ನ ಮೇಲೆ ನಾಯಿ ಇದೆ ಎನ್ನುತ್ತಿದ್ದಾರೆ, ನಾಲ್ಕು ಸಲ. ಮೂಗಿನಲ್ಲಿ ನೊಣಗಳಿವೆ ಎನ್ನುತ್ತಿದ್ದಾರೆ. ಏನು ಯೋಚಿಸುತ್ತಿದ್ದೀರಿ ಎಂದು ಕೇಳಿದಾಗ ನೀಲಿ ಬಾದಾಮಿಗಳ ಬಗ್ಗೆ ಎಂದರು. ಇಲ್ಲದ್ದನ್ನು ಕಾಣುತ್ತಿದ್ದಾರೆಂಬ ಅನುಮಾನ. ಕೊನೆಯ ಸಾಲು ರಾಬಿನ್‌ಳದು. ಗುರುವಾರ ಡಾಕ್ಟರ್ ಮತ್ತು ಮಗಳ ಜೊತೆ ಸಭೆ, ಹಿಂದಿನ ವಿಭಾಗಕ್ಕೆ ಕಳಿಸುವ ವಿಚಾರ.

ಹಿಂದಿನ ವಿಭಾಗ ಅಂದರೆ ಮರೆವು ತೀರಾ ಮಿತಿಮೀರಿದವರ ಜಾಗ. ಅಲ್ಲಿಯವರನ್ನೂ ಅಕ್ಕರೆಯಿಂದಲೇ ನೋಡಿಕೊಳ್ಳುತ್ತಿದ್ದರು. ಆದರೆ ಬಾಗಿಲಿಗೆ ನಂಬರ್ ಒತ್ತಿದರೆ ಮಾತ್ರ ತೆರೆಯುವ ಬೀಗ, ನಿಂಬೆ ಗಿಡಗಳ ಕಡೆ ತಾನಾಗಿ ಹೋಗುವ ಹಾಗಿಲ್ಲ, ನಿದ್ದೆ ತರಿಸುವ ಮಾತ್ರೆ ಬೇರೆ.

ನೊಣ ಏನೆಂದು ಜುವೇರಿಯಾಗೆ ಗೊತ್ತಿತ್ತು, ನೋಟ್‌ಬುಕ್ಕಿನಲ್ಲೇ ಇತ್ತು. ನಾಯಿ ಇರಲಿಲ್ಲ. ಕೆಲಸ ಮುಗಿದ ಮೇಲೆ ಹಲೀನಾಳ ಹಾಸಿಗೆಯ ಪಕ್ಕ ಕೂತು, "ಪಾನಿ ಹಲೀನಾ, ನಾಯಿ?" ಎಂದು ಸನ್ನೆ ಮಾಡಿ ಕೇಳಿದಳು. ಬೊಗಳಿಯೂ ತೋರಿಸಿದಳು.

ಹಲೀನಾಗೆ ಆ ಸ್ಥಿತಿಯಲ್ಲೂ ತುಟಿಯಂಚು ಮೇಲಕ್ಕೆದ್ದಿತು. ಇಲ್ಲ ಎಂದು ತಲೆ ಆಡಿಸಿದಳು. ಕೋಣೆಯಲ್ಲಿ ನಾಯಿ ಎಲ್ಲೂ ಇಲ್ಲ ಎಂದು ಕೈ ಬೀಸಿ ತೋರಿಸಿದಳು. ಆಮೇಲೆ ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟು, ಹಣೆಯ ಮೇಲೆ ಇಟ್ಟು, ಮುಖ ಕಿವುಚಿ, "ಪೋದ್ ಪ್ಸೆಮ್," ಅಂದಳು. ಮತ್ತೆ ಕಿಬ್ಬೊಟ್ಟೆ ಮುಟ್ಟಿದಳು.

ಪ್ಸೆಮ್ ಅಂದರೆ ನಾಯಿ ಎಂದು ಟ್ಯಾಬ್ಲೆಟ್ ಹೇಳಿತು, ಪೋದ್ ಅಂದರೆ ಕೆಳಗೆ. ನಾಯಿಯ ಕೆಳಗೆ ಇದ್ದೇನೆ. ಜುವೇರಿಯಾ ನೋಟ್‌ಬುಕ್ ತೆರೆದಳು. ಮೊದಲ ಚಳಿಗಾಲದಲ್ಲಿ ತಾನೇ ಜ್ವರ ಬಂದು ಮಲಗಿದ್ದಾಗ ಪಕ್ಕದ ಮನೆಯಾಕೆ ಸೂಪ್ ತಂದು ಕೊಟ್ಟು, ಮೈ ಹುಷಾರಿಲ್ಲವೇ ಎಂಬುದಕ್ಕೆ 'ಅಂಡರ್ ದ ವೆದರ್' ಏನು ಎಂದು ಕೇಳಿದ್ದು, ಹವೆ ಎಲ್ಲರ ತಲೆಯ ಮೇಲೂ ಇದೆಯಲ್ಲ ಎಂದು ತಾನು ಕಿಟಕಿ ಕಡೆ ನೋಡಿದ್ದು ನೆನಪಾಯಿತು. ಪೆನ್ನು ತಾನಾಗಿಯೇ ಓಡಿತು.

ಮನೆಗೆ ಬಂದು ಹಾರೂನ್‌ಗೆ ಎಲ್ಲವನ್ನೂ ಹೇಳಿದಳು. "ಡಾಕ್ಟರು, ಮ್ಯಾನೇಜರು ಕೂತಲ್ಲಿ ನಾ ಏನ್ ಹೇಳ್ಲಿ? ನನ್ನ ಕೆಲಸ ಹಾಸಿಗಿ ಬದಲಿ ಮಾಡೋದು," ಅಂದಳು.

"ನೀ ಅಲ್ಲೆ ಹಾಸಿಗಿ ಬದಲಿ ಮಾಡೋಳಾಗಿ ಹೋಗಬ್ಯಾಡ. ಟೀಚರ್ ಆಗಿ ಹೋಗು," ಅಂದ ಹಾರೂನ್. "ಎಂಟನೇ ಕ್ಲಾಸಿನ ಹುಡುಗರಿಗೆ ಹೆಂಗ ಹೇಳ್ತಿದ್ದಿ, ಹಂಗ ಹೇಳು."

ಅರ್ಶಿಯಾ ಅಲ್ಲೇ ಇದ್ದಳು. "ಬರೀ ಬಾಯಿಮಾತಲ್ಲಿ ಹೇಳಬೇಡ ಅಮ್ಮಿ. ತೋರಿಸು," ಅಂದಳು. ಕನ್ನಡದಲ್ಲೇ ಅಂದಳು. ಯಾಕೋ ಅವತ್ತು ಯಾರೂ ಅದನ್ನು ಎತ್ತಿ ಆಡಲಿಲ್ಲ.

ಗುರುವಾರ ರಾಬಿನ್‌ಳ ಕೋಣೆಯಲ್ಲಿ ಮೂರು ಕುರ್ಚಿ. ನಾಲ್ಕನೆಯದನ್ನು ಜುವೇರಿಯಾ ತಾನೇ ಊಟದ ಕೋಣೆಯಿಂದ ಎತ್ತಿಕೊಂಡು ಬಂದಳು. ರಾಬಿನ್ ಹುಬ್ಬೇರಿಸಿದಳು, ಬೇಡ ಅನ್ನಲಿಲ್ಲ. ಡಾಕ್ಟರ್ ಯುವಕ, ದಣಿದ ಮುಖ. ಟೆಸ್ ಬಸ್ಸಿನ ಜಾಕೆಟ್ಟಿನಲ್ಲೇ ಬಂದಿದ್ದಳು, ಕಣ್ಣು ಕೆಂಪಾಗಿತ್ತು. ಹಲೀನಾ ಗಾಲಿಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು. ಡಾಕ್ಟರ್ ವರದಿಯ ಸಾಲುಗಳನ್ನು ಓದಿದ. ನಾಯಿ, ನೊಣ, ನೀಲಿ ಬಾದಾಮಿ.

"ನಾನು ಒಂದು ಮಾತು ಹೇಳಬಹುದೇ?" ಎಂದಳು ಜುವೇರಿಯಾ.

ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟನ್ನು ಎತ್ತಿಕೊಂಡು, ಪೋಲಿಷನ್ನು ತೆಗೆದು ಕನ್ನಡಕ್ಕೆ ಬದಲಿಸಿದಳು. ದನಿ ತರಗತಿಯ ಕೊನೆಯ ಬೆಂಚಿಗೆ ಕೇಳುವಂಥದ್ದು.

"ನನ್ನ ತಲೆ ತಿನ್ನಬೇಡಿ," ಎಂದು ಟ್ಯಾಬ್ಲೆಟ್ಟಿಗೆ ಹೇಳಿದಳು. ಪರದೆಯ ಮೇಲೆ ಬಂದದ್ದನ್ನು ಡಾಕ್ಟರ್ ಕಡೆ ತಿರುಗಿಸಿದಳು. ದಯವಿಟ್ಟು ನನ್ನ ತಲೆಯನ್ನು ಊಟ ಮಾಡಬೇಡಿ ಎಂದು ಅದು ಇಂಗ್ಲಿಷಿನಲ್ಲಿ ಬರೆದಿತ್ತು.

"ಅವನು ಕಾಲಿಗೆ ಬುದ್ಧಿ ಹೇಳಿದ." ಅವನು ತನ್ನ ಕಾಲಿಗೆ ಉಪದೇಶ ಮಾಡಿದ.

"ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ." ನನ್ನ ತಪ್ಪನ್ನು ನಿಮ್ಮ ಹೊಟ್ಟೆಯೊಳಗೆ ಇಟ್ಟುಕೊಳ್ಳಿ.

ಡಾಕ್ಟರ್ ಮುಖದ ಮೇಲೆ ಮೊದಲು ಗಾಬರಿ, ಆಮೇಲೆ ಏನೋ ಹೊಳೆದ ಹಾಗೆ.

"ಮೊದಲನೆಯದು ಕಾಟ ಕೊಡಬೇಡಿ ಅಂತ. ಎರಡನೆಯದು ಅವನು ಓಡಿಹೋದ ಅಂತ. ಮೂರನೆಯದು ಕ್ಷಮಿಸಿ ಅಂತ," ಎಂದಳು ಜುವೇರಿಯಾ. "ನಮ್ಮ ಊರಿನಲ್ಲಿ ಎಲ್ಲರೂ ಹೀಗೇ ಮಾತಾಡೋದು. ನಾಳೆ ನನಗೆ ವಯಸ್ಸಾಗಿ ಇಂಗ್ಲಿಷ್ ಮರೆತುಹೋಗಿ, ನಾನು ಈ ಕುರ್ಚಿಯಲ್ಲಿ ಕೂತು ಈ ಮೂರು ಮಾತು ಆಡಿದರೆ ನೀವು ನನ್ನ ವರದಿಯಲ್ಲಿ ಏನು ಬರೀತೀರಿ?"

ಜುವೇರಿಯಾ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟಳು. "ನೊಣ ಅಂದರೆ ಬೇಸರ, ಸಿಡುಕು. ಇದನ್ನು ಇವರೇ ನನಗೆ ಮಾರ್ಚಿನಲ್ಲಿ ಕಲಿಸಿದ್ದು, ಆಗ ಚೆನ್ನಾಗಿಯೇ ಇದ್ದರು. ಬಾದಾಮಿ ನನಗೆ ಗೊತ್ತಿಲ್ಲ. ನಾಯಿ ಇವರ ಮೇಲಿಲ್ಲ, ಇವರು ನಾಯಿಯ ಕೆಳಗಿದ್ದಾರೆ. ನೀವು ಹುಷಾರಿಲ್ಲದಾಗ ಹವೆಯ ಕೆಳಗಿರ್ತೀರಲ್ಲ, ಹಾಗೆ. ಎರಡು ವಾರದಿಂದ ಇವರು ನನಗೆ ಮೈ ಹುಷಾರಿಲ್ಲ, ಹುಷಾರಿಲ್ಲ ಅಂತ ಹೇಳ್ತಿದ್ದಾರೆ. ಹೇಳುವಾಗ ಇಲ್ಲಿ ಕೈ ಇಡ್ತಾರೆ." ತನ್ನ ಕಿಬ್ಬೊಟ್ಟೆ ತೋರಿಸಿದಳು.

ಟೆಸ್ ತಾಯಿಯ ಕಡೆ ನೋಡಿದಳು. ರಾಬಿನ್ ನೋಟ್‌ಬುಕ್ಕಿನ ನಾಲ್ಕು ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋದಳು, ನಾಲ್ಕನೆಯದರ ಗುಂಡು ಗುಂಡು ಅಕ್ಷರಗಳ ಮೇಲೂ. ಆಮೇಲೆ ಫೋನ್ ಎತ್ತಿ ದುಭಾಷಿಗಳ ಸೇವೆಗೆ ಕರೆ ಮಾಡಿದಳು. ಅದನ್ನು ಇಷ್ಟು ದಿನ ಮಾಡಿರಲಿಲ್ಲ ಎಂಬುದು ಅವಳ ಕಿವಿಗಳು ಕೆಂಪಾದದ್ದರಲ್ಲೇ ಗೊತ್ತಾಗುತ್ತಿತ್ತು.

ಇಪ್ಪತ್ತು ನಿಮಿಷಕ್ಕೆ ವೆಲಿಂಗ್ಟನ್ನಿನಿಂದ ಪೋಲಿಷ್ ಹೆಂಗಸೊಬ್ಬಳ ದನಿ ಸ್ಪೀಕರಿನಲ್ಲಿ ಬಂತು. ಡಾಕ್ಟರ್ ನಾಯಿಯ ವಿಷಯ ಕೇಳಿದ. ಅತ್ತ ಕಡೆಯಿಂದ ನಗು ಕೇಳಿಸಿತು. "ಪೋದ್ ಪ್ಸೆಮ್? ಪ್ರತಿ ಸೋಮವಾರ ಬೆಳಿಗ್ಗೆ ನಾನೂ ಅದನ್ನೇ ಹೇಳೋದು," ಅಂದಳು ಆಕೆ. "ಮೈ ಸರಿ ಇಲ್ಲ ಅಂತ ಅಷ್ಟೆ. ನೀಲಿ ಬಾದಾಮಿಯ ಯೋಚನೆ ಅಂದರೆ ಸುಮ್ಮನೆ ಕೂತು ಹಗಲುಗನಸು ಕಾಣೋದು."

ಆಮೇಲೆ ಆಕೆ ಹಲೀನಾಳ ಜೊತೆ ನೇರವಾಗಿ ಮಾತಾಡಿದಳು. ಹಲೀನಾ ಮೊದಲು ತಡವರಿಸಿ, ಆಮೇಲೆ ಕಟ್ಟೆ ಒಡೆದ ಹಾಗೆ ಹತ್ತು ನಿಮಿಷ ಮಾತಾಡಿದಳು. ಎಷ್ಟೋ ತಿಂಗಳ ಮೇಲೆ ಒಬ್ಬರು ಮರುಮಾತು ಕೊಡುತ್ತಿದ್ದರು. ದುಭಾಷಿ ಸಾರಾಂಶ ಹೇಳಿದಳು. ಮೂತ್ರಕ್ಕೆ ಹೋದರೆ ಉರಿಯುತ್ತದೆ, ಸಂಜೆ ಚಳಿ ಬರುತ್ತದೆ, ಹೊಟ್ಟೆಯ ಕೆಳಗೆ ನೋವು. ಯಾರಿಗೆ ಹೇಳಿದರೂ ಅವರು ಕೋಣೆಯಲ್ಲಿ ನಾಯಿ ಹುಡುಕುತ್ತಾರೆ, ಇವರಿಗೆಲ್ಲ ತಲೆ ಕೆಟ್ಟಿದೆಯೇನೋ ಎಂದು ತನಗೆ ಯೋಚನೆಯಾಗಿದೆ.

ಟೆಸ್ ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಡಾಕ್ಟರ್ ಅವತ್ತೇ ಮೂತ್ರ ಪರೀಕ್ಷೆಗೆ ಕಳಿಸಿದ. ಸೋಂಕು ಸಾಕಷ್ಟು ಬೆಳೆದಿತ್ತು. "ಇದನ್ನು ಮೊದಲೇ ನೋಡಬೇಕಿತ್ತು," ಎಂದು ಆತ ರಾಬಿನ್‌ಗಲ್ಲ, ಹಲೀನಾಗೇ ಹೇಳಿದ, ದುಭಾಷಿಯ ಮೂಲಕ. ಒಂದು ವಾರದ ಮಾತ್ರೆ. ನಾಲ್ಕನೆಯ ದಿನಕ್ಕೆ ಹಲೀನಾ ಗಂಜಿ ಬೇಡ, ಮೊಟ್ಟೆ ಬೇಕು ಅಂದಳು. ಹತ್ತನೆಯ ದಿನ ವಾಕರ್ ಹಿಡಿದು ನಿಂಬೆ ಗಿಡದ ತನಕ ಹೋಗಿಬಂದಳು. ಇಂಗ್ಲಿಷಿನ ಒಂದೆರಡು ಪದಗಳೂ ಎಲ್ಲಿಂದಲೋ ತಿರುಗಿ ಬಂದವು. ಹಿಂದಿನ ವಿಭಾಗದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆ ವಾರ ರಾಬಿನ್ ಜುವೇರಿಯಾಳನ್ನು ಕೋಣೆಗೆ ಕರೆದಳು. ಬೈಗುಳವೇನೋ ಎಂದು ಜುವೇರಿಯಾ ಬಾಗಿಲಲ್ಲೇ ನಿಂತಳು. "ನಾನು ನಲವತ್ತು ವರ್ಷ ನರ್ಸಿಂಗ್ ಮಾಡಿದೀನಿ," ಅಂದಳು ರಾಬಿನ್, "ಆದರೆ ನಾನು ಆಡೋ ಮಾತು ಎದುರಿನವರಿಗೆ ಹೇಗೆ ಕೇಳಿಸುತ್ತೆ ಅಂತ ಒಂದು ದಿನಾನೂ ಯೋಚಿಸಿರಲಿಲ್ಲ." ಮುಂದಿನ ತಿಂಗಳಿಂದ ವಾರಕ್ಕೊಂದು ಗಂಟೆ ಎಲ್ಲ ಸಿಬ್ಬಂದಿಗೂ ಜುವೇರಿಯಾ ಪಾಠ ಮಾಡಬೇಕು, ಅದಕ್ಕೆ ಬೇರೆ ಸಂಬಳ ಎಂದಳು. ಇಲ್ಲಿ ಸಮೋವಾದ ಅಜ್ಜನಿದ್ದಾನೆ, ಡಚ್ ಅಜ್ಜಿಯರಿಬ್ಬರಿದ್ದಾರೆ, ನಾಳೆ ಅವರೂ ತಮ್ಮ ಭಾಷೆಗೆ ಹಿಂತಿರುಗಿದರೆ ನಾವು ತಯಾರಿರಬೇಕು.

ಹಾಗೆ ಆರು ವರ್ಷದ ಮೇಲೆ ಜುವೇರಿಯಾ ಮತ್ತೆ ಬೋರ್ಡಿನ ಮುಂದೆ ನಿಂತಳು. ಊಟದ ಕೋಣೆ, ಹನ್ನೊಂದು ಜನ, ಕೈಯಲ್ಲಿ ಚಹಾ ಮಗ್ಗು. ಮೊದಲ ದಿನ ಆಕೆ, ಹಿರಿಯರ ಜೊತೆ ನೀವು ನಿನ್ನೆಯಿಂದ ಇವತ್ತಿನ ತನಕ ಆಡಿದ ಇಂಥ ಮಾತುಗಳನ್ನು ಬರೆಯಿರಿ ಎಂದು ಕಾಗದ ಕೊಟ್ಟಳು. ಅರ್ಧ ಗಂಟೆಯಲ್ಲಿ ಮೂವತ್ತೆಂಟು ಬಂದವು. ಬರೆದವರೇ ಓದಿ ಓದಿ ಬಿದ್ದು ಬಿದ್ದು ನಕ್ಕರು. ಶವರಿನ ಬಾಗಿಲಲ್ಲಿ ಕೇಕಿಗಾಗಿ ಕಾಯಿಸಿದ ನರ್ಸ್ ಎಲ್ಲರಿಗಿಂತ ಹೆಚ್ಚು.

ಟೆಸ್ ಈಗ ವಾರಕ್ಕೆ ಮೂರು ಸಲ ಬರುತ್ತಾಳೆ. ಬಸ್ಸಿನ ಪಾಳಿ ಮುಗಿಸಿ, ತನ್ನದೇ ಒಂದು ನೋಟ್‌ಬುಕ್ ಹಿಡಿದು. ಅರವತ್ತರ ಮಗಳು ಎಂಬತ್ತಾರರ ತಾಯಿಯ ಬಾಯಿಂದ ಒಂದೊಂದೇ ಮಾತು ಕೇಳಿ ಬರೆದುಕೊಳ್ಳುವುದು, ತಪ್ಪು ಉಚ್ಚಾರಕ್ಕೆ ತಾಯಿ ಮಗಳ ಮೊಣಕೈಗೆ ತಟ್ಟುವುದು, ಇದೆಲ್ಲ ವರಾಂಡದಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ.

ಆಗಸ್ಟಿನ ಒಂದು ಬಿಸಿಲಿನ ಮಧ್ಯಾಹ್ನ ಜುವೇರಿಯಾ ಪಾಳಿಗೆ ಬರುವ ಹೊತ್ತಿಗೆ ತಾಯಿ ಮಗಳು ಕೋಣೆಯಲ್ಲಿ ಅವಳ ಬಗ್ಗೆಯೇ ಮಾತಾಡುತ್ತಿದ್ದರು. ಅವಳು ಬಾಗಿಲಲ್ಲಿ ಕಂಡ ಕೂಡಲೇ ಹಲೀನಾ, "ಓ ವಿಲ್ಕು ಮೋವಾ," ಅಂದಳು.

"ತೋಳದ ಮಾತು ಆಡ್ತಿದ್ವಿ ಅಂತ," ಎಂದಳು ಟೆಸ್, ತಾನೇ ಅರ್ಥ ಹೇಳಲು ಬಂದ ಹೆಮ್ಮೆಯಿಂದ. "ಮಾತಾಡ್ತಿರುವಾಗಲೇ ಆ ಮನುಷ್ಯ ಬಂದುಬಿಟ್ಟರೆ ಹೀಗಂತಾರೆ. ನಾವಾದರೆ ಸೈತಾನ ಅಂತೀವಿ. ನಿಮ್ಮಲ್ಲಿ ಯಾವ ಪ್ರಾಣಿ?"

"ನಮ್ಮಲ್ಲಿ ಪ್ರಾಣಿ ಇಲ್ಲ," ಎಂದಳು ಜುವೇರಿಯಾ, ಬ್ಯಾಗು ಇಳಿಸುತ್ತಾ. "ನಿನಗೆ ನೂರು ವರ್ಷ ಆಯುಸ್ಸು ಅಂತೀವಿ."

ಟೆಸ್ ಅದನ್ನು ತನ್ನ ಹೊಸ ಪೋಲಿಷಿನಲ್ಲಿ ಕಷ್ಟಪಟ್ಟು ತಾಯಿಗೆ ಹೇಳಿದಳು. ಹಲೀನಾ ಗಂಭೀರವಾಗಿ ಕೇಳಿಸಿಕೊಂಡಳು. ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಟೆಸ್‌ಗೆ ಏನೋ ಹೇಳಿ, ಬಾಗಿಲ ಕಡೆ ಕೈ ಬೀಸಿದಳು.

"ನಾನು ಹೊರಗೆ ಹೋಗಬೇಕಂತೆ, ನೀವಿಬ್ಬರೂ ನನ್ನ ಬಗ್ಗೆ ಮಾತಾಡುವಾಗ ಒಳಗೆ ಬರಬೇಕಂತೆ," ಎಂದಳು ಟೆಸ್. "ಅಲ್ಲ, ತಪ್ಪಾಯ್ತು. ಅವಳೇ ಹೋಗಿ ಬರ್ತಾಳಂತೆ. ನೂರು ಅವಳಿಗೇ ಬೇಕಂತೆ."

ಅಷ್ಟರಲ್ಲಿ ಹಲೀನಾ ಆಗಲೇ ವಾಕರ್ ಹಿಡಿದು ಎದ್ದಿದ್ದಳು. ಒಂದೊಂದೇ ಹೆಜ್ಜೆ ಇಟ್ಟು ಬಾಗಿಲಾಚೆ ಹೋಗಿ ನಿಂತಳು. ಅವಳು ಹೇಗೆ ನಕ್ಕಳು, ಹೇಗೆ ಸಿಟ್ಟಾದಳು ಎಂದು ಜುವೇರಿಯಾ ಮತ್ತು ಟೆಸ್ ಒಳಗೆ ಗಟ್ಟಿಯಾಗಿ ಮಾತಾಡಿದರು, ಹೊರಗೆ ಚೆನ್ನಾಗಿ ಕೇಳಿಸುವ ಹಾಗೆ.